ಓಡದ ಭಾನುವಾರ, ಆಡಿಸಿದ ಭಾನುವಾರ



ಒಲಿಂಪಿಕ್ಸ್ ಅಥವಾ ವಿಶ್ವಕಪ್ ಬಂತೆಂದರೆ ನಮ್ಮ ಮದ್ದೂರು, ವೈದ್ಯನಾಥಪುರ, ಮಳವಳ್ಳಿ ಕಡೆಯ ಮನೆಗಳಲ್ಲೂ ಮನೆಮಂದಿಯೆಲ್ಲ ಟಿ.ವಿ. ಮುಂದೆ ಸೇರುತ್ತಾರೆ. ಆಟದ ಜೊತೆಗೆ ತೀರ್ಪೂ ನಡೆಯುತ್ತದೆ. ಇವನಿಗೆ ಸೊಕ್ಕು, ಅವನು ಮೋಸಗಾರ, ಇವಳು ದೇಶದ ಮಾನ ಕಳೆದಳು ಎನ್ನುತ್ತೇವೆ. ಕೆಲವೇ ಕ್ಷಣಗಳ ದೃಶ್ಯ ಕಂಡು ಒಬ್ಬರ ಇಡೀ ಬಾಳನ್ನೇ ತೂಗಿಬಿಡುತ್ತೇವೆ. ಪಕ್ಕದಲ್ಲಿ ಕುಳಿತ ಮಕ್ಕಳು ಆ ಮಾತುಗಳನ್ನು ಕಲಿಯುತ್ತಾರೆ. ಹೀಗೆ ತೂಗುವ ಮುನ್ನ ಎರಿಕ್ ಲಿಡೆಲ್ ಅವರ ಜೀವನವನ್ನು ನೀವೊಮ್ಮೆ ನೆನೆಯಬೇಕು.

ಲಿಡೆಲ್ ಹುಟ್ಟಿದ್ದು 1902ರಲ್ಲಿ, ಚೀನಾದ ಟಿಯಾಂಜಿನ್ ನಗರದಲ್ಲಿ. ತಂದೆತಾಯಿ ಸ್ಕಾಟ್ಲೆಂಡಿನ ಪ್ರೊಟೆಸ್ಟೆಂಟ್ ಮಿಷನರಿಗಳು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಓದುವಾಗಲೇ ಅವರು ಸ್ಕಾಟ್ಲೆಂಡಿನ ಪರವಾಗಿ ರಗ್ಬಿ ಆಡಿದರು. ಓಟಕ್ಕೆ ಮುಂಚೆ ಎದುರಾಳಿಗಳ ಕೈಕುಲುಕುವುದು ಅವರ ರೂಢಿ. 1923ರಲ್ಲಿ 440 ಗಜದ ಓಟವೊಂದರಲ್ಲಿ ಪಕ್ಕದವನ ಕಾಲು ತಗುಲಿ ಬಿದ್ದರೂ, ಎದ್ದು ಓಡಿ ಎಲ್ಲರನ್ನೂ ಹಿಂದಿಕ್ಕಿದರು.

1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಪ್ರಾಥಮಿಕ ಸುತ್ತು ಭಾನುವಾರ, ಜುಲೈ 6ರಂದು ನಿಗದಿಯಾಗಿತ್ತು. ಅದು ಅವರ ಮೆಚ್ಚಿನ ಓಟ. ಆದರೂ ದೇವರ ದಿನವೆಂದು ಲಿಡೆಲ್ ಓಡಲಿಲ್ಲ. ದೇಶಕ್ಕಿಂತ ಸ್ವಂತ ನಿಯಮ ದೊಡ್ಡದಾಯಿತೇ ಎಂಬ ಟೀಕೆಗಳು ಬಂದವು. ಅದೇ ವಾರ ಅವರು 200 ಮೀಟರಿನಲ್ಲಿ ಕಂಚು ಗೆದ್ದರು; 400 ಮೀಟರನ್ನು 47.6 ಸೆಕೆಂಡುಗಳಲ್ಲಿ ಓಡಿ ಚಿನ್ನ ಗೆದ್ದರು. ಟೀಕಿಸಿದವರೇ ಹೊಗಳಿದರು.

ಮರುವರ್ಷ ಲಿಡೆಲ್ ಕೀರ್ತಿಯನ್ನು ಬಿಟ್ಟು ಚೀನಾಕ್ಕೆ ಹೋಗಿ ಶಿಕ್ಷಕರಾದರು. ಮುಂದೆ ಯುದ್ಧ ಬಂತು. 1941ರಲ್ಲಿ ಗರ್ಭಿಣಿ ಪತ್ನಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಕಳುಹಿಸಿ ತಾವು ಅಲ್ಲಿಯೇ ಉಳಿದರು. ಮೂರನೆಯ ಮಗಳ ಮುಖವನ್ನು ಅವರು ಕಾಣಲೇ ಇಲ್ಲ. 1943ರಲ್ಲಿ ಜಪಾನೀಯರು ಅವರನ್ನು ವೈಷಿಯೆನ್ ಬಂಧನ ಶಿಬಿರಕ್ಕೆ ಸೇರಿಸಿದರು.

ಅಲ್ಲಿ ಹೆತ್ತವರಿಂದ ದೂರವಾದ ಅನೇಕ ಮಕ್ಕಳಿದ್ದರು. ಲಿಡೆಲ್ ಅವರಿಗೆ ಪಾಠ ಹೇಳಿದರು, ಆಟ ಆಡಿಸಿದರು. ಆದರೆ ಭಾನುವಾರ ಆಟವಿಲ್ಲ. ಒಂದು ಭಾನುವಾರ ಮಕ್ಕಳು ತಾವೇ ಆಡಲು ಹೋದಾಗ ಆಟ ಹೊಡೆದಾಟದಲ್ಲಿ ಮುಗಿಯಿತು. ಆ ಬಳಿಕ ಲಿಡೆಲ್ ಭಾನುವಾರವೂ ಮೈದಾನಕ್ಕಿಳಿದು ರೆಫರಿಯಾದರು. ಚಿನ್ನದ ಪದಕಕ್ಕಾಗಿ ಬಿಡದ ನಿಯಮವನ್ನು ಮಕ್ಕಳ ನೆಮ್ಮದಿಗಾಗಿ ಸಡಿಲಿಸಿದರು. ಸಬ್ಬತ್ ದಿನದಂದೇ ರೋಗಿಗಳನ್ನು ಗುಣಪಡಿಸಿದ ಪ್ರಭುವನ್ನು ಬಲ್ಲ ನಿಮಗೆ ಇದು ವಿಚಿತ್ರವೆನಿಸದು. 1945ರ ಫೆಬ್ರವರಿ 21ರಂದು, ಬಿಡುಗಡೆಗೆ ಆರು ತಿಂಗಳಿರುವಾಗ, ಮಿದುಳಿನ ಗೆಡ್ಡೆಯಿಂದ ಅವರು ತೀರಿಕೊಂಡರು. ವಯಸ್ಸು 43.

ಈಗ ಯೋಚಿಸಿ. ಆಗ ಟಿ.ವಿ. ಇದ್ದು, ಪ್ಯಾರಿಸ್ಸಿನ ಆ ಭಾನುವಾರವನ್ನಷ್ಟೇ ನೀವು ನೋಡಿದ್ದರೆ, ಲಿಡೆಲ್ ಹಟಮಾರಿ ಎನ್ನುತ್ತಿದ್ದಿರಿ. ಎರಡೂ ಭಾನುವಾರಗಳನ್ನು ನೋಡಿದ್ದರೆ, ಮಾತಿಗೆ ನಿಲ್ಲದವನು ಎನ್ನುತ್ತಿದ್ದಿರಿ. ಎರಡೂ ತಪ್ಪು. ಆ ಎರಡು ದಿನಗಳನ್ನು ಬೆಸೆದ ಪ್ರೀತಿ ತಿಳಿಯಬೇಕಾದರೆ ಇಡೀ ಬಾಳನ್ನು ನೋಡಬೇಕು.

ನಮ್ಮ ನಾಡಿನಲ್ಲೂ ಉದಾಹರಣೆಯಿದೆ. 1980ರ ಮುಂಬಯಿ ಟೆಸ್ಟ್‌ನಲ್ಲಿ ನಾಯಕರಾಗಿದ್ದ ಭದ್ರಾವತಿಯ ಜಿ.ಆರ್. ವಿಶ್ವನಾಥ್, ಅಂಪೈರ್ ಔಟ್ ಎಂದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ಮರಳಿ ಕರೆದು ಆಡಿಸಿದರು. ಟೇಲರ್ ಮತ್ತು ಬೋಥಮ್ 171 ರನ್ ಸೇರಿಸಿದರು, ಭಾರತ ಸೋತಿತು. ಫಲಿತಾಂಶವನ್ನಷ್ಟೇ ನೋಡಿದವರಿಗೆ ಅದು ನಷ್ಟ. ಇಂದಿಗೂ ಜನ ಗೌರವದಿಂದ ನೆನೆಯುವುದು ಅದನ್ನೇ.

ಹಾಗೆಂದು ತಪ್ಪನ್ನು ತಪ್ಪೆನ್ನಬಾರದೆಂದಲ್ಲ. ಮದ್ದು ಸೇವಿಸಿ ಓಡುವುದು ಮೋಸವೇ; ಬೇಕೆಂದೇ ಎದುರಾಳಿಯನ್ನು ಗಾಯಗೊಳಿಸುವುದು ಅನ್ಯಾಯವೇ. ಅದನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಿ. ಆದರೆ ಕೃತ್ಯಕ್ಕೆ ತೀರ್ಪು ಕೊಡಿ, ಮನುಷ್ಯನಿಗೆ ಬೇಡ. ಆತನ ಅಂತರಂಗವನ್ನು ಬಲ್ಲವನು ದೇವರೊಬ್ಬನೇ. ಟಿ.ವಿ. ಮುಂದೆ ಈ ಸಂಯಮ ಕಲಿತ ಮಗು ನಾಳೆ ನೆರೆಯವರ ಬಗ್ಗೆಯೂ ಯೋಚಿಸಿ ಮಾತಾಡುತ್ತದೆ.