ಯಾವ ನೀರು ಕುಡಿದಿರಿ ಎಂದು ಮನೆಮನೆಗೆ ಹೋಗಿ ಕೇಳಿದ ವೈದ್ಯ

ನಮ್ಮ ತರಗತಿಗಳಲ್ಲಿ ಜಾನ್ ಸ್ನೋ ಎಂಬ ಹೆಸರು ಬಂದರೆ ಅದರೊಡನೆ ಒಂದು ಪಂಪಿನ ಹಿಡಿಕೆಯೂ ಬರುತ್ತದೆ. ಹಿಡಿಕೆ ಕಳಚಿದೊಡನೆ ಕಾಲರಾ ನಿಂತಿತೆಂದು ಹೇಳಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತೇವೆ. ನಡೆದದ್ದು ಅಷ್ಟು ಸರಳವಾಗಿರಲಿಲ್ಲ.

1813ರ ಮಾರ್ಚ್ 15ರಂದು ಇಂಗ್ಲೆಂಡಿನ ಯಾರ್ಕ್ ನಗರದ ಕೂಲಿಕಾರನೊಬ್ಬನ ಮನೆಯಲ್ಲಿ ಸ್ನೋ ಜನಿಸಿದ. ಒಂಬತ್ತು ಮಕ್ಕಳಲ್ಲಿ ಹಿರಿಯವ. ಹದಿನಾಲ್ಕನೆಯ ವಯಸ್ಸಿಗೆ ನ್ಯೂಕ್ಯಾಸಲ್‌ನ ಶಸ್ತ್ರವೈದ್ಯರೊಬ್ಬರ ಬಳಿ ಕೆಲಸ ಕಲಿಯಲು ಸೇರಿದ. ನಮ್ಮ ಹಿರಿಯರು ವಾಂತಿಭೇದಿ ಎಂದು ಕರೆಯುತ್ತಿದ್ದ ಮಾರಿಯೇ 1831ರಲ್ಲಿ ಇಂಗ್ಲೆಂಡನ್ನು ತಲುಪಿತು. ಕಿಲ್ಲಿಂಗ್‌ವರ್ತ್ ಕಲ್ಲಿದ್ದಲ ಗಣಿಯ ರೋಗಿಗಳ ಆರೈಕೆಗೆ ಹೋದವನು ಹದಿನೆಂಟು ತುಂಬಿದ ಈ ಹುಡುಗ. ಗಣಿಯೊಳಗೆ ಶೌಚಕ್ಕೆ ಬೇರೆ ಜಾಗವಿಲ್ಲ, ಕೈತೊಳೆಯಲು ನೀರಿಲ್ಲ. ಕಟ್ಟಿಕೊಂಡು ಹೋದ ಬುತ್ತಿಯನ್ನು ಅದೇ ಕೈಯಲ್ಲಿ ಉಣ್ಣಬೇಕು. ಗಣಿಗಾರರ ಈ ಸ್ಥಿತಿಯನ್ನು ಆತ ಮುಂದೆ ತನ್ನ ಪುಸ್ತಕದಲ್ಲಿ ದಾಖಲಿಸಿದ.

1836ರಲ್ಲಿ ಲಂಡನ್ ಸೇರಿ, ಓದಿ, 1844ರಲ್ಲಿ ಎಂ.ಡಿ. ಪದವಿ ಪಡೆದ. ಅರಿವಳಿಕೆಯ ವಿದ್ಯೆಯಲ್ಲಿ ಅವನಿಗೆ ದೊಡ್ಡ ಹೆಸರು ಬಂತು. 1853ರಲ್ಲಿಯೂ 1857ರಲ್ಲಿಯೂ ವಿಕ್ಟೋರಿಯಾ ರಾಣಿಯ ಹೆರಿಗೆಯಲ್ಲಿ ಕ್ಲೋರೋಫಾರ್ಮ್ ಕೊಟ್ಟವನು ಅವನೇ. ಅಷ್ಟಕ್ಕೆ ತೃಪ್ತನಾಗಿದ್ದರೆ ಸುಖವಾಗಿ ಬದುಕಬಹುದಿತ್ತು.

ಅಂದಿನ ಲಂಡನ್ ಇಪ್ಪತ್ತಮೂರು ಲಕ್ಷಕ್ಕೂ ಮಿಕ್ಕಿದ ಜನರ ನಗರ. ಮನೆಗಳ ಕೆಳಗೆ ಮಲಗುಂಡಿಗಳು. ಚರಂಡಿಗಳ ಹೊಲಸೆಲ್ಲ ಥೇಮ್ಸ್ ನದಿಗೆ. ಖಾಸಗಿ ಕಂಪನಿಗಳು ಅದೇ ನದಿಯಿಂದ ನೀರೆತ್ತಿ ಮನೆಗಳಿಗೆ ಮಾರುತ್ತಿದ್ದವು. ಆದರೂ ಕಾಲರಾ ಬರುವುದು ದುರ್ವಾಸನೆಯ ಗಾಳಿಯಿಂದ ಎಂಬುದು ಪಂಡಿತರ ಗಟ್ಟಿ ನಂಬಿಕೆಯಾಗಿತ್ತು. ಸ್ನೋ ಒಪ್ಪಲಿಲ್ಲ. ರೋಗ ಮೊದಲು ಕಾಡುವುದು ಶ್ವಾಸಕೋಶವನ್ನಲ್ಲ, ಕರುಳನ್ನು. ಆದ್ದರಿಂದ ವಿಷ ಒಳಹೊಕ್ಕದ್ದು ಬಾಯಿಯ ಮೂಲಕವೇ ಇರಬೇಕು ಎಂದು 1849ರಲ್ಲಿ ಚಿಕ್ಕ ಹೊತ್ತಗೆಯೊಂದರಲ್ಲಿ ವಾದಿಸಿದ. ಕೇಳಿದವರು ಕಡಿಮೆ.

1854ರ ಆಗಸ್ಟ್ ಕೊನೆಯಲ್ಲಿ ಸೋಹೋ ಬಡಾವಣೆಯ ಬ್ರಾಡ್ ಸ್ಟ್ರೀಟಿನ ಸುತ್ತ ಕಾಲರಾ ಸ್ಫೋಟಿಸಿತು. ಹತ್ತು ದಿನಗಳೊಳಗೆ ಐನೂರಕ್ಕೂ ಹೆಚ್ಚು ಸಾವು. ಜನ ಮನೆಗೆ ಬೀಗ ಹಾಕಿ ಓಡುತ್ತಿದ್ದಾಗ ಸ್ನೋ ಆ ಬೀದಿಗಳಿಗೇ ಬಂದ. ಸರ್ಕಾರದ ಮರಣ ದಾಖಲೆಯಿಂದ 83 ಸಾವುಗಳ ಪಟ್ಟಿ ಪಡೆದು ವಿಚಾರಿಸುತ್ತ ಹೋದ. ಹೆಚ್ಚುಕಡಮೆ ಎಲ್ಲ ಸಾವುಗಳೂ ಬ್ರಾಡ್ ಸ್ಟ್ರೀಟಿನ ಪಂಪಿನ ಹತ್ತಿರದವು. ಬೇರೊಂದು ಪಂಪು ಹತ್ತಿರವಿದ್ದ ಮನೆಗಳಲ್ಲಿ ಸತ್ತವರು ಹತ್ತೇ ಮಂದಿ. ಅವರಲ್ಲಿ ಐದು ಜನರ ಮನೆಯವರು ಬ್ರಾಡ್ ಸ್ಟ್ರೀಟಿನ ನೀರನ್ನೇ ಇಷ್ಟಪಟ್ಟು ತರಿಸುತ್ತಿದ್ದರು; ಮೂವರು ಆ ಪಂಪಿನ ಬಳಿಯ ಶಾಲೆಗೆ ಹೋಗುತ್ತಿದ್ದ ಮಕ್ಕಳು. ಶಾಲೆಯ ದಾರಿಯಲ್ಲಿ ಬಾಯಾರಿದ ಮಗು ಎಲ್ಲಿ ಬಗ್ಗಿ ನೀರು ಕುಡಿಯುತ್ತದೆಂಬುದನ್ನು ಯಾವ ದಾಖಲೆಯೂ ಹೇಳುವುದಿಲ್ಲ, ಮನೆಗೆ ಹೋಗಿಯೇ ಕೇಳಬೇಕು.

ಸಾಯದವರ ಲೆಕ್ಕವನ್ನೂ ಆತ ಬಿಡಲಿಲ್ಲ. ಅಲ್ಲಿಯೇ ಇದ್ದ, ನಿರ್ಗತಿಕರನ್ನು ಇರಿಸಿಕೊಂಡು ದುಡಿಸುವ ಮನೆಯಲ್ಲಿ 535 ಜನ; ಕಾಲರಾದಿಂದ ಸತ್ತವರು ಐವರು ಮಾತ್ರ. ಅದಕ್ಕೆ ಸ್ವಂತ ಬಾವಿಯಿತ್ತು. ಹತ್ತಿರದ ಬಿಯರ್ ಕಾರ್ಖಾನೆಯ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬನೂ ಸಾಯಲಿಲ್ಲ. ಅವರು ಪಂಪಿನತ್ತ ಹೋಗುತ್ತಲೇ ಇರಲಿಲ್ಲ. ಇತ್ತ ಮೈಲಿಗಳಾಚೆ ಹ್ಯಾಂಪ್‌ಸ್ಟೆಡ್‌ನಲ್ಲಿ ವಿಧವೆಯೊಬ್ಬಳು ತೀರಿಕೊಂಡಿದ್ದಳು. ಹಳೆಯ ಬೀದಿಯ ನೀರಿನ ರುಚಿ ಮರೆಯಲಾರದೆ ಆಕೆ ದಿನವೂ ಗಾಡಿಯಲ್ಲಿ ಅದನ್ನೇ ತರಿಸಿಕೊಳ್ಳುತ್ತಿದ್ದಳು.

ಸೆಪ್ಟೆಂಬರ್ 7ರ ಸಂಜೆ ಸ್ನೋ ಸ್ಥಳೀಯ ಆಡಳಿತ ಮಂಡಳಿಯ ಮುಂದೆ ಇದನ್ನೆಲ್ಲ ಇಟ್ಟ. ಮರುದಿನ ಪಂಪಿನ ಹಿಡಿಕೆಯನ್ನು ತೆಗೆಸಿದರು. ಆ ಹೊತ್ತಿಗಾಗಲೇ ಜನ ಊರು ಬಿಟ್ಟಿದ್ದರಿಂದ ಪಿಡುಗು ಇಳಿಮುಖವಾಗಿತ್ತು. ಹಾಗೆಂದು ಬರೆದಿಟ್ಟವನೂ ಸ್ನೋನೇ. ಅವನ ಬಗೆಗೆ ನನಗೆ ಹೆಚ್ಚಿನ ಗೌರವ ಮೂಡಿಸುವುದು ಈ ಪ್ರಾಮಾಣಿಕತೆ. ಅವನ ಮಾತನ್ನು ನಂಬದ ಹೆನ್ರಿ ವೈಟ್‌ಹೆಡ್ ಎಂಬ ಪಾದ್ರಿ ಅದನ್ನು ಸುಳ್ಳೆಂದು ತೋರಿಸಲು ಹೊರಟು ಕೊನೆಗೆ ಸಾಕ್ಷ್ಯವನ್ನೇ ಒದಗಿಸಿದ. 40ನೆಯ ನಂಬರಿನ ಮನೆಯ ತಾಯಿಯೊಬ್ಬಳು ಕಾಯಿಲೆಬಿದ್ದ ಕೂಸಿನ ಬಟ್ಟೆ ನೆನೆಸಿದ ನೀರನ್ನು ಮಲಗುಂಡಿಗೆ ಚೆಲ್ಲಿದ್ದಳು. ಗುಂಡಿಗೂ ಪಂಪಿನ ಬಾವಿಗೂ ನಡುವೆ ಮೂರಡಿಯ ಅಂತರವೂ ಇರಲಿಲ್ಲ; ಗುಂಡಿಯ ಇಟ್ಟಿಗೆ ಸಡಿಲಗೊಂಡಿತ್ತು.

ಅದೇ ವರ್ಷ ಸ್ನೋ ಮಾಡಿದ ಇನ್ನೊಂದು ಕೆಲಸ ಇದಕ್ಕಿಂತ ದೊಡ್ಡದು. ದಕ್ಷಿಣ ಲಂಡನ್ನಿನ ಒಂದೇ ಬೀದಿಯಲ್ಲಿ, ಅಕ್ಕಪಕ್ಕದ ಮನೆಗಳಿಗೆ ಎರಡು ಕಂಪನಿಗಳು ನೀರು ಕೊಡುತ್ತಿದ್ದವು. ಲ್ಯಾಂಬೆತ್ ಕಂಪನಿ 1852ರಲ್ಲಿ ನದಿಯ ಮೇಲ್ದಂಡೆಗೆ, ನಗರದ ಹೊಲಸು ಸೇರದ ಕಡೆಗೆ ಹೋಗಿತ್ತು; ಸದರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿ ಹಳೆಯ ಜಾಗದಲ್ಲಿಯೇ ಉಳಿದಿತ್ತು. ಬಾಡಿಗೆದಾರರಿಗೆ ತಮ್ಮದು ಯಾರ ನೀರೆಂದು ಗೊತ್ತಿರುತ್ತಿರಲಿಲ್ಲ. ಹಾಗಾದಲ್ಲಿ ಸ್ನೋ ನೀರಿಗೆ ಸಿಲ್ವರ್ ನೈಟ್ರೇಟ್ ಬೆರೆಸಿ ನೋಡುತ್ತಿದ್ದ. ಕೆಳದಂಡೆಯ ನೀರಿನಲ್ಲಿ ಉಪ್ಪು ಸುಮಾರು ನಲವತ್ತು ಪಟ್ಟು ಹೆಚ್ಚು. ಮೊದಲ ಏಳು ವಾರಗಳಲ್ಲಿ ಪ್ರತಿ ಹತ್ತು ಸಾವಿರ ಮನೆಗಳಿಗೆ ಲ್ಯಾಂಬೆತ್ ನೀರಿನವರಲ್ಲಿ 37 ಸಾವು, ಸದರ್ಕ್ ನೀರಿನವರಲ್ಲಿ 315. ಒಂದೇ ಬೀದಿ, ಒಂದೇ ಗಾಳಿ, ನೀರು ಮಾತ್ರ ಬೇರೆ.

ಆದರೂ ಸರ್ಕಾರದ ಆರೋಗ್ಯ ಮಂಡಳಿಯ ತಜ್ಞರು ಅವನ ವಾದವನ್ನು ತಳ್ಳಿಹಾಕಿದರು. 1855ರಲ್ಲಿ ಸಂಸತ್ತಿನ ಸಮಿತಿಯ ಮುಂದೆ, ಬರಿಯ ದುರ್ವಾಸನೆಯಿಂದ ಪಿಡುಗು ಹರಡುವುದಿಲ್ಲವೆಂದು ಸಾಕ್ಷ್ಯ ನುಡಿದಾಗ ಲ್ಯಾನ್ಸೆಟ್ ಪತ್ರಿಕೆ ಅವನನ್ನು ಗೇಲಿಮಾಡಿತು. 1858ರ ಜೂನ್ 16ರಂದು, ನಲವತ್ತೈದರ ವಯಸ್ಸಿನಲ್ಲಿ, ಮದುವೆಯಿಲ್ಲದ ಸ್ನೋ ಪಾರ್ಶ್ವವಾಯುವಿನಿಂದ ತೀರಿಕೊಂಡ. ಅದೇ ಬೇಸಿಗೆಯಲ್ಲಿ ಥೇಮ್ಸ್ ನಾರುವುದನ್ನು ತಾಳಲಾರದ ಸಂಸತ್ತು ಜೋಸೆಫ್ ಬಜಲ್ಗೆಟ್‌ನ ಮಹಾ ಒಳಚರಂಡಿಗೆ ಹಣ ಒದಗಿಸಿತು. ಆಳುವವರನ್ನು ಅಲುಗಾಡಿಸಿದ್ದು ಸ್ನೋನ ಅಂಕಿಗಳಲ್ಲ, ಅವರದೇ ಮೂಗು! 1866ರಲ್ಲಿ, ಚರಂಡಿಯ ಕಾಮಗಾರಿ ಮುಗಿಯದಿದ್ದ ಪೂರ್ವ ಲಂಡನ್ನಿನಲ್ಲಿ ಮಾತ್ರ ಕಾಲರಾ ಭೀಕರವಾಗಿ ಹಬ್ಬಿದಾಗ, ಒಮ್ಮೆ ಅವನನ್ನು ಸಂದೇಹಿಸಿದ್ದ ವಿಲಿಯಂ ಫಾರ್‌ನೇ ನೀರಿನ ಕಂಪನಿಯತ್ತ ಬೊಟ್ಟುಮಾಡಿದ. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಕಲ್ಕತ್ತೆಯ ಕೆರೆಯೊಂದರ ನೀರಿನಲ್ಲಿ ಕಾಲರಾದ ರೋಗಾಣುವನ್ನು ಕಂಡ. ಸ್ನೋ ಸತ್ತಾಗ ಕಾಲರಾ ಎಂಬ ಮಾತನ್ನೇ ಎತ್ತದೆ ಕೆಲವೇ ಸಾಲುಗಳಲ್ಲಿ ಸುದ್ದಿ ಮುಗಿಸಿದ್ದ ಲ್ಯಾನ್ಸೆಟ್ 2013ರಲ್ಲಿ ತಿದ್ದುಪಡಿ ಪ್ರಕಟಿಸಿತು.

ಬ್ರಾಡ್ ಸ್ಟ್ರೀಟಿಗೆ ಈಗ ಬ್ರಾಡ್‌ವಿಕ್ ಸ್ಟ್ರೀಟ್ ಎಂದು ಹೆಸರು. ಅಲ್ಲಿ ಹಿಡಿಕೆಯಿಲ್ಲದ ಪಂಪಿನ ಪ್ರತಿಕೃತಿಯನ್ನು ನಿಲ್ಲಿಸಿದ್ದಾರೆ. ಪಕ್ಕದಲ್ಲಿರುವ ಮದ್ಯದಂಗಡಿಗೆ, ಬಾಳಿನ ಬಹುಭಾಗ ಮದ್ಯ ಮುಟ್ಟದ ಜಾನ್ ಸ್ನೋನ ಹೆಸರಿದೆ.