ಹರಳುಗಳ ಲೋಕದಲ್ಲಿ ಡೊರೊತಿ

ಬಿಸಿನೀರಿನಲ್ಲಿ ಮೈಲುತುತ್ತವನ್ನು ಕರಗುವಷ್ಟು ಕರಗಿಸಿ, ದ್ರಾವಣವನ್ನು ಅಲುಗಿಸದೆ ಇಟ್ಟರೆ ಕೆಲವು ದಿನಗಳಲ್ಲಿ ಪಾತ್ರೆಯ ತಳದಲ್ಲಿ ನೀಲಿ ಹರಳುಗಳು ಮೂಡುತ್ತವೆ. ಅವುಗಳಲ್ಲೊಂದನ್ನು ದಾರಕ್ಕೆ ಕಟ್ಟಿ ಪರ್ಯಾಪ್ತ ದ್ರಾವಣದಲ್ಲಿ ಇಳಿಬಿಟ್ಟರೆ ಅದು ದಿನೇ ದಿನೇ ದೊಡ್ಡದಾಗುತ್ತದೆ. ಆತುರಪಟ್ಟು ಕದಡಿದರೆ ಹರಳಿನ ಅಂದ ಕೆಡುತ್ತದೆ. ಇಂಗ್ಲೆಂಡಿನ ಪುಟ್ಟ ಶಾಲೆಯೊಂದರಲ್ಲಿ ಹತ್ತು ವರ್ಷದ ಬಾಲಕಿಯೊಬ್ಬಳು ಮೈಲುತುತ್ತ ಮತ್ತು ಪಟಿಕದ ಹರಳುಗಳನ್ನು ಬೆಳೆಸಿ ಬೆರಗುಗೊಂಡಳು. ಆ ಬೆರಗೇ ಆಕೆಯ ಬಾಳಿನ ದಾರಿಯನ್ನು ನಿರ್ಧರಿಸಿತು. ಆಕೆಯೇ ಡೊರೊತಿ ಹಾಡ್ಜ್‌ಕಿನ್.

ಡೊರೊತಿಯವರು 1910ರ ಮೇ 12ರಂದು ಈಜಿಪ್ಟಿನ ಕೈರೋ ನಗರದಲ್ಲಿ ಜನಿಸಿದರು. ತಂದೆ ಜಾನ್ ಕ್ರೋಫುಟ್ ಅಲ್ಲಿ ಶಿಕ್ಷಣ ಇಲಾಖೆಯಲ್ಲಿದ್ದರು. ಮುಂದೆ ತಂದೆತಾಯಿಗಳು ಸುಡಾನಿನಲ್ಲಿದ್ದಾಗ ಅವರ ಸ್ನೇಹಿತರಾದ ಜೋಸೆಫ್ ಎಂಬ ರಸಾಯನಶಾಸ್ತ್ರಜ್ಞರು ಬಾಲಕಿಗೆ ರಾಸಾಯನಿಕಗಳನ್ನು ಕೊಟ್ಟು ಉತ್ತೇಜಿಸಿದರು. ಇಂಗ್ಲೆಂಡಿನ ಮನೆಯ ಅಟ್ಟವೇ ಆಕೆಯ ಪ್ರಯೋಗಶಾಲೆಯಾಯಿತು. ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರವು ಹುಡುಗರ ಪಾಠವೆನಿಸಿತ್ತು. ಡೊರೊತಿಯೂ ಒಬ್ಬ ಗೆಳತಿಯೂ ಅನುಮತಿ ಪಡೆದು ಹುಡುಗರೊಡನೆ ಕುಳಿತು ಅದನ್ನು ಕಲಿತರು.

1928ರಲ್ಲಿ ಅವರು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಹರಳಿನಲ್ಲಿ ಪರಮಾಣುಗಳು ಕ್ರಮಬದ್ಧವಾಗಿ ಜೋಡಣೆಗೊಂಡಿರುತ್ತವೆ. ಅದರ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿದಾಗ ಛಾಯಾಫಲಕದ ಮೇಲೆ ಚುಕ್ಕೆಗಳು ಮೂಡುತ್ತವೆ. ಆ ಚುಕ್ಕೆಗಳನ್ನು ಅಳೆದು, ಲೆಕ್ಕ ಹಾಕಿ ಅಣುವಿನ ರಚನೆಯನ್ನು ತಿಳಿಯಬಹುದು. ಈ ಶ್ರಮದ ವಿದ್ಯೆಗೆ ಡೊರೊತಿಯವರು ತಮ್ಮ ಬಾಳನ್ನು ಮುಡಿಪಾಗಿಟ್ಟರು.

1934ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಅವರಿಗೆ ಕೀಲುವಾತ ತಗಲಿತು. ಕೈಬೆರಳುಗಳು ಊದಿಕೊಂಡು, ಕ್ರಮೇಣ ಸೊಟ್ಟಗಾದವು. ತೀರ ಸಣ್ಣ ಹರಳುಗಳನ್ನು ಹಿಡಿಯಬೇಕಾದ ಕೈಗಳಿಗೇ ಈ ವಿಪತ್ತು ಬಂದೊದಗಿತ್ತು. ಆದರೂ ಅವರು ಕೆಲಸವನ್ನು ಬಿಡಲಿಲ್ಲ. ಆ ಬೆರಳುಗಳಿಂದಲೇ ದುಡಿದು, 1945ರಲ್ಲಿ ಸಂಗಡಿಗರೊಡನೆ ಪೆನಿಸಿಲಿನ್ನಿನ ರಚನೆಯನ್ನು ಕಂಡುಹಿಡಿದರು. ಅನಂತರ ಬಿ-12 ಜೀವಸತ್ವದ ಜಟಿಲ ರಚನೆಯನ್ನೂ ಬಿಡಿಸಿದರು. 1964ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ಆದರೆ ಒಂದು ಕಾರ್ಯ ಇನ್ನೂ ಉಳಿದಿತ್ತು. ಮಧುಮೇಹಿಗಳಿಗೆ ಸಂಜೀವಿನಿಯಂತಿರುವ ಇನ್ಸುಲಿನ್ನಿನ ಹರಳು 1934ರಲ್ಲೇ ಅವರ ಕೈ ಸೇರಿತ್ತು. ಅದರ ಅಣುವಿನಲ್ಲಿ ನೂರಾರು ಪರಮಾಣುಗಳಿದ್ದವು. ಅಷ್ಟನ್ನು ಲೆಕ್ಕ ಹಾಕುವ ಸಾಧನಗಳು ಆಗ ಇರಲಿಲ್ಲ. ಡೊರೊತಿಯವರು ಕಾದರು, ಕಲಿತರು, ಶಿಷ್ಯರನ್ನು ಬೆಳೆಸಿದರು. ಮೂವತ್ತೈದು ವರ್ಷಗಳ ಬಳಿಕ, 1969ರಲ್ಲಿ, ಇನ್ಸುಲಿನ್ನಿನ ರಚನೆ ತಿಳಿಯಿತು. ಆ ತಂಡದಲ್ಲಿದ್ದ ಭಾರತೀಯ ವಿಜ್ಞಾನಿ ಎಂ. ವಿಜಯನ್ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿದ್ಯೆಯನ್ನು ಬೆಳೆಸಿದರು.

1994ರ ಜುಲೈ 29ರಂದು ಡೊರೊತಿಯವರು ನಿಧನರಾದರು. ಹರಳು ಬೆಳೆಯುವವರೆಗೆ ಕಾಯಬೇಕೆಂಬುದನ್ನು ಬಾಲ್ಯದಲ್ಲಿ ಕಲಿತ ಅವರು, ಆ ಪಾಠವನ್ನು ಕೊನೆಯವರೆಗೂ ಮರೆಯಲಿಲ್ಲ.