ಶಾಂತಿಯ ನೊಬೆಲ್ ಪಡೆದ ಅಧ್ಯಕ್ಷ, ಕಚೇರಿಯೊಳಗೆ ಎಳೆದ ಗೆರೆ

ವರ್ಜೀನಿಯಾ, ಮೇರಿಲ್ಯಾಂಡ್‌ನಲ್ಲಿ ನೆಲೆಸಿರುವ ಕನ್ನಡಿಗರಿಗೆ ಪೊಟೊಮ್ಯಾಕ್ ನದಿಯ ಮೇಲಿನ ವುಡ್ರೋ ವಿಲ್ಸನ್ ಸೇತುವೆ ಚಿರಪರಿಚಿತ. ಅಮೆರಿಕದ 28ನೇ ಅಧ್ಯಕ್ಷ ವಿಲ್ಸನ್ ಮೊದಲ ಮಹಾಯುದ್ಧದ ನಂತರ ರಾಷ್ಟ್ರಸಂಘದ ಕನಸು ಕಂಡವರು, ಶಾಂತಿಯ ನೊಬೆಲ್ ಪಡೆದವರು ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಅವರ ಬದುಕಿನಲ್ಲಿ ಇನ್ನೊಂದು ಅಧ್ಯಾಯವೂ ಇದೆ.

ವಿಲ್ಸನ್ ಹುಟ್ಟಿದ್ದು 1856ರ ಡಿಸೆಂಬರ್ 28ರಂದು, ವರ್ಜೀನಿಯಾದ ಸ್ಟಾಂಟನ್‌ನಲ್ಲಿ. ತಂದೆ ಪಾದ್ರಿ. ಅಂತರ್ಯುದ್ಧದಲ್ಲಿ ಅವರು ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೊರಟ ದಕ್ಷಿಣದ ಪರ ನಿಂತರು. ಆ ಮನೆಯಲ್ಲಿ ಬೆಳೆದ ಹುಡುಗ ಓದಿನಲ್ಲಿ ಮುಂದೆ ಬಂದು, ಪಿಎಚ್‌.ಡಿ. ಪಡೆದ ಏಕೈಕ ಅಮೆರಿಕ ಅಧ್ಯಕ್ಷ ಎನಿಸಿಕೊಂಡರು. 1902ರಿಂದ 1910ರವರೆಗೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದರು. ಅಲ್ಲಿ ಕಪ್ಪು ವರ್ಣೀಯ ವಿದ್ಯಾರ್ಥಿಗಳಿಗೆ ಬಾಗಿಲು ತೆರೆಯಲಿಲ್ಲ. ನಂತರ ನ್ಯೂಜೆರ್ಸಿಯ ಗವರ್ನರ್ ಆದರು.

1912ರ ಚುನಾವಣೆಯಲ್ಲಿ ಅವರು ಕಪ್ಪು ಜನರಿಗೆ ನ್ಯಾಯದ ಭರವಸೆ ಕೊಟ್ಟರು. ಡು ಬಾಯ್ಸ್, ವಿಲಿಯಂ ಮನ್ರೋ ಟ್ರಾಟರ್ ಅವರಂಥ ಮುಖಂಡರು ಅದನ್ನು ನಂಬಿ ಬೆಂಬಲಿಸಿದರು.

ಆಗ ವಾಷಿಂಗ್ಟನ್‌ನ ಸರ್ಕಾರಿ ನೌಕರಿ ಕಪ್ಪು ಕುಟುಂಬಗಳು ಮಧ್ಯಮ ವರ್ಗಕ್ಕೆ ಏರುವ ಮೆಟ್ಟಿಲಾಗಿತ್ತು. ಪರೀಕ್ಷೆ ಬರೆದು, ಅರ್ಹತೆಯ ಮೇಲೆ ಕೆಲಸ ಪಡೆದು, ಬಿಳಿಯರ ಪಕ್ಕದ ಮೇಜಿನಲ್ಲೇ ಕುಳಿತು ದುಡಿಯುತ್ತಿದ್ದರು. 1913ರ ಏಪ್ರಿಲ್‌ನಲ್ಲಿ ಅಂಚೆ ಖಾತೆಯ ಆಲ್ಬರ್ಟ್ ಬರ್ಲ್‌ಸನ್ ಸಂಪುಟ ಸಭೆಯಲ್ಲಿ ಅವರನ್ನು ಪ್ರತ್ಯೇಕಿಸುವ ವಿಷಯ ಎತ್ತಿದರು. ವಿಲ್ಸನ್ ತಡೆಯಲಿಲ್ಲ. ಅಂಚೆ ಇಲಾಖೆಯಲ್ಲೂ ಖಜಾನೆಯಲ್ಲೂ ಪರದೆಗಳು ಎದ್ದವು. ಶೌಚಾಲಯ, ಊಟದ ಮೇಜು ಬೇರೆಯಾದವು. 1914ರಿಂದ ಅರ್ಜಿಯ ಜೊತೆ ಭಾವಚಿತ್ರ ಕಡ್ಡಾಯವಾಯಿತು. ಹೆಸರು, ಅಂಕಗಳಿಂದ ತಿಳಿಯದ ಬಣ್ಣವನ್ನು ಫೋಟೊ ಹೇಳುತ್ತಿತ್ತು. ಇದಕ್ಕೆ ಸಂಸತ್ತಿನ ಹೊಸ ಕಾನೂನು ಬೇಕಾಗಲಿಲ್ಲ, ಮೇಲಧಿಕಾರಿಗಳ ಆದೇಶವೇ ಸಾಕಾಯಿತು.

ಜಾನ್ ಅಬ್ರಹಾಂ ಡೇವಿಸ್ 1882ರಲ್ಲಿ ಸರ್ಕಾರಿ ಮುದ್ರಣಾಲಯ ಸೇರಿ, ವರ್ಷಕ್ಕೆ 1,400 ಡಾಲರ್ ಸಂಬಳದ ಹುದ್ದೆಗೆ ಏರಿದ್ದರು. ವಿಲ್ಸನ್ ಆಡಳಿತ ಅವರನ್ನು ಕೆಳಗಿಳಿಸಿತು. ಕೊನೆಗೆ ಹೆಚ್ಚೂಕಮ್ಮಿ ಅರ್ಧ ಸಂಬಳಕ್ಕೆ, ಕಾಗದಪತ್ರ ಹೊತ್ತು ತಿರುಗುವ ಕೆಲಸ ಮಾಡಬೇಕಾಯಿತು.

1914ರ ನವೆಂಬರ್‌ನಲ್ಲಿ ಟ್ರಾಟರ್ ನಿಯೋಗದೊಂದಿಗೆ ಶ್ವೇತಭವನಕ್ಕೆ ಹೋಗಿ, ಕೊಟ್ಟ ಮಾತನ್ನು ನೆನಪಿಸಿದರು. ಪ್ರತ್ಯೇಕತೆ ಕಪ್ಪು ನೌಕರರ ಒಳಿತಿಗೇ ಎಂದು ವಿಲ್ಸನ್ ವಾದಿಸಿದರು. ಟ್ರಾಟರ್ ಒಪ್ಪದೆ ಎದುರು ಮಾತಾಡಿದಾಗ ಅವರ ಧಾಟಿಗೆ ಸಿಟ್ಟಾಗಿ ಭೇಟಿಯನ್ನೇ ಮುಗಿಸಿದರು. ಮುಂದಿನ ಫೆಬ್ರುವರಿಯಲ್ಲಿ, ಕು ಕ್ಲಕ್ಸ್ ಕ್ಲಾನ್ ಅನ್ನು ವೀರರಂತೆ ತೋರಿಸಿದ ಬರ್ತ್ ಆಫ್ ಎ ನೇಷನ್ ಚಿತ್ರ ಅದೇ ಭವನದಲ್ಲಿ ಪ್ರದರ್ಶನಗೊಂಡಿತು.

1919ರ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ, ರಾಷ್ಟ್ರಸಂಘದ ನಿಯಮಾವಳಿಯಲ್ಲಿ ರಾಷ್ಟ್ರಗಳ ನಡುವೆ ಸಮಾನತೆಯ ತತ್ವ ಸೇರಿಸಲು ಜಪಾನ್ ಕೋರಿತು. 17 ಮತಗಳಲ್ಲಿ 11 ಪರವಾಗಿ ಬಂದವು. ಸರ್ವಾನುಮತ ಬೇಕೆಂದು ಹೇಳಿ, ಅಧ್ಯಕ್ಷತೆ ವಹಿಸಿದ್ದ ವಿಲ್ಸನ್ ಅದನ್ನು ಬಿದ್ದುಹೋಗಲು ಬಿಟ್ಟರು. ಪಾಸ್‌ಪೋರ್ಟ್ ಸಿಗದ ಟ್ರಾಟರ್ ಹಡಗಿನ ಅಡುಗೆಯವರಾಗಿ ಪ್ಯಾರಿಸ್ ಸೇರಿದರು. ಆದರೂ ವಿಲ್ಸನ್ ಅವರ ಅಹವಾಲು ಆಲಿಸಲಿಲ್ಲ.

ನಮಗೆ ಸಂಬಂಧಿಸಿದ ಪುಟವೂ ಇದೇ ಕಾಲದ್ದು. 1917ರ ವಲಸೆ ಕಾಯ್ದೆ ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗಕ್ಕೆ ಅಮೆರಿಕದ ಬಾಗಿಲು ಮುಚ್ಚಿತು. ವಿಲ್ಸನ್ ಅದನ್ನು ತಡೆಹಿಡಿದಿದ್ದರು ನಿಜ, ಆದರೆ ಅವರ ಮುಖ್ಯ ಆಕ್ಷೇಪ ಸಾಕ್ಷರತೆ ಪರೀಕ್ಷೆಯ ಬಗ್ಗೆ ಇತ್ತು. ಸಂಸತ್ತು ತಡೆಯನ್ನು ಮೀರಿ ಕಾಯ್ದೆ ತಂದಿತು. ಆ ಬಾಗಿಲು 1946ರಲ್ಲಿ ಕಿರಿದಾಗಿ, 1965ರ ಕಾಯ್ದೆಯಿಂದ ಅಗಲವಾಗಿ ತೆರೆಯಿತು. ಕಪ್ಪು ಜನರ ನಾಗರಿಕ ಹಕ್ಕು ಹೋರಾಟ ಹದಗೊಳಿಸಿದ ನೆಲದಲ್ಲೇ 1965ರ ಬದಲಾವಣೆ ಬಂದದ್ದು.

1919ರಲ್ಲಿ ಪಾರ್ಶ್ವವಾಯು ಬಡಿದ ವಿಲ್ಸನ್ 1924ರ ಫೆಬ್ರುವರಿ 3ರಂದು ನಿಧನರಾದರು. 2020ರಲ್ಲಿ ಪ್ರಿನ್ಸ್‌ಟನ್ ತನ್ನ ಸಾರ್ವಜನಿಕ ನೀತಿ ಶಾಲೆಯಿಂದ ಅವರ ಹೆಸರನ್ನು ತೆಗೆಯಿತು. ಅರ್ಹತೆಯೊಂದನ್ನೇ ನೆಚ್ಚಿಕೊಂಡು ಸಾಗರ ದಾಟಿದ ಕನ್ನಡಿಗರು ಡೇವಿಸ್ ಅವರ ಕಥೆಯನ್ನೂ ನೆನಪಿಡಬೇಕು. ಅರ್ಹತೆಯಿಂದ ಗಳಿಸಿದ್ದನ್ನು ಒಂದು ಕಚೇರಿ ಆದೇಶ ಕಸಿದುಕೊಳ್ಳಬಲ್ಲದು.